ಹಳೆಯ ಡೀಸೆಲ್ ಗಾಡಿ ಕೊಳ್ಳುವ ಮುನ್ನ: ಸಂಘದ ಸಭೆಗೆ ಒಂದು ಪಾಠ



ಕಲಘಟಗಿ ಕಡೆಯ ನಮ್ಮ ಒಂದು ಸಂಘದವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಹುಬ್ಬಳ್ಳಿಯ ಅಂಗಡಿಗಳಿಗೆ ಕೊಡುತ್ತಾರೆ. ವಾರಕ್ಕೆ ಮೂರು ಸಲ ಬಾಡಿಗೆ ಗಾಡಿ. ಗಾಡಿಯವನು ಒಂದು ದಿನ ಬರುತ್ತಾನೆ, ಇನ್ನೊಂದು ದಿನ "ಇವತ್ತ ಮದುವಿ ಬಾಡಿಗಿ ಐತ್ರಿ ಅಕ್ಕಾರ" ಎಂದು ಫೋನ್ ಇಡುತ್ತಾನೆ. ರೊಟ್ಟಿಯ ಬುಟ್ಟಿಗಳು ಪಡಸಾಲೆಯಲ್ಲಿ ಉಳಿಯುತ್ತವೆ. ಇದರಿಂದ ಬೇಸತ್ತ ಸದಸ್ಯೆಯರು ಒಂದು ಸಭೆಯಲ್ಲಿ, "ನಾವ ಒಂದು ಹಳೇ ಗಾಡಿ ತೊಗೊಂಡ್ರ ಹ್ಯಾಂಗ?" ಎಂದು ಮಾತೆತ್ತಿದರು. ಉಳಿತಾಯದಲ್ಲಿ ಒಂದು ಲಕ್ಷ ಅರವತ್ತು ಸಾವಿರ ರೂಪಾಯಿ ಇತ್ತು. ಹದಿನೆಂಟು ಹೆಣ್ಣುಮಕ್ಕಳು ಏಳು ವರ್ಷ ವಾರಾವಾರಾ ಕಟ್ಟಿದ ಹಣ ಅದು.

ಅವರ ಜೊತೆ ಗಾಡಿ ನೋಡಲು ನಾನೂ ತಿರುಗಾಡಿದೆ. ಆಗ ಕಲಿತದ್ದನ್ನು, ಅದಕ್ಕಿಂತ ಮುಂಚೆ ಬೇರೊಂದು ಸಂಘದಲ್ಲಿ ಏಟು ತಿಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಗಂಡಸರ ವಿಷಯ ಇದು, ನಮಗ್ಯಾಕೆ ಎನ್ನಬೇಡಿರಿ. ಹಣ ನಮ್ಮದು ಎಂದ ಮೇಲೆ ಬಗ್ಗಿ ನೋಡುವ ಕೆಲಸವೂ ನಮ್ಮದೇ.

ಗಾಡಿ ನೋಡುವ ಮೊದಲು ಲೆಕ್ಕ ನೋಡಿರಿ

ಆ ಸಂಘದವರು ಹಾಕಿದ ಲೆಕ್ಕ ಹೀಗಿತ್ತು. ತಿಂಗಳಿಗೆ 13 ಟ್ರಿಪ್, ಟ್ರಿಪ್ಪಿಗೆ 1,200 ರೂಪಾಯಿ ಬಾಡಿಗೆ, ಒಟ್ಟು 15,600 ರೂಪಾಯಿ. ಇಷ್ಟೂ ಹಣ ಉಳಿಯಿತಲ್ಲ ಎಂದು ಎಲ್ಲರಿಗೂ ಖುಷಿ. ಆಮೇಲೆ ಸ್ವಂತ ಗಾಡಿಯ ಖರ್ಚು ಬರೆದೆವು. ಹೋಗಿ ಬಂದು, ಊರೊಳಗೆ ತಿರುಗಿ 75 ಕಿಲೋಮೀಟರ್. ಹಳೆ ಗಾಡಿ ಲೀಟರಿಗೆ 15 ಕಿಲೋಮೀಟರ್ ಕೊಟ್ಟರೆ 5 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೆ ಟ್ರಿಪ್ಪಿಗೆ 450. ಡ್ರೈವರ್‌ಗೆ ದಿನಕ್ಕೆ 500. ಅಂದರೆ 13 ಟ್ರಿಪ್ಪಿಗೆ 12,350 ಅಲ್ಲೇ ಹೋಯಿತು. ಸರಕು ಗಾಡಿಯ ಥರ್ಡ್ ಪಾರ್ಟಿ ವಿಮೆಯೇ ವರ್ಷಕ್ಕೆ ಹದಿನಾರು ಸಾವಿರದ ಮೇಲಿದೆ. ಅದು, ಎಫ್.ಸಿ., ತೆರಿಗೆ ಸೇರಿ ತಿಂಗಳಿಗೆ 2,000 ಎತ್ತಿಡಬೇಕು. ರಿಪೇರಿ, ಟಾಯರ್, ಆಯಿಲ್‌ಗೆ 2,500. ಎಲ್ಲ ಸೇರಿ 16,850 ರೂಪಾಯಿ! ಬಾಡಿಗೆಗಿಂತ 1,250 ರೂಪಾಯಿ ಜಾಸ್ತಿ. ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹಾಗಾದರೆ ಕೈಬಿಡಬೇಕೇ? ಸಂಘದ ಲೆಕ್ಕ ಬರೆಯುವ ಅಕ್ಕ ಒಂದು ದಾರಿ ಹುಡುಕಿದರು. ಪಕ್ಕದ ಎರಡು ಸಂಘಗಳ ಸಾಮಾನೂ ಅದೇ ಬಾಡಿಗೆಗೆ ಒಯ್ದರೆ ತಿಂಗಳಿಗೆ 24 ಟ್ರಿಪ್ ಆಗುತ್ತದೆ. ಬರುವಾಗ ಖಾಲಿ ಬರದೆ ಊರಿನ ಕಿರಾಣಿ ಅಂಗಡಿಗಳ ಸಾಮಾನು ತಂದರೆ ಟ್ರಿಪ್ಪಿಗೆ 400 ರೂಪಾಯಿ ಸಿಗುತ್ತದೆ. ಆಗ ಬಾಡಿಗೆ ಲೆಕ್ಕ 28,800, ವಾಪಸು ಬಾಡಿಗೆ 9,600, ಒಟ್ಟು 38,400. ಡೀಸೆಲ್, ಡ್ರೈವರ್, ವಿಮೆ, ಹೆಚ್ಚಿದ ರಿಪೇರಿ (3,000 ಹಿಡಿದು) ಸೇರಿ ಖರ್ಚು 27,800. ಉಳಿಯುವುದು 10,600. ಹೀಗಾದರೆ ಗಾಡಿಗೆ ಹಾಕಿದ ಹಣ ಹದಿನೈದು ಹದಿನಾರು ತಿಂಗಳಲ್ಲಿ ತಿರುಗಿ ಬರುತ್ತದೆ. ನಿಮ್ಮ ಊರಿನ ದರ ಬೇರೆ ಇರಬಹುದು, ಆದರೆ ಈ ಲೆಕ್ಕವನ್ನು ಹಾಳೆಯ ಮೇಲೆ ಬರೆಯದೆ ಮುಂದೆ ಹೋಗಬೇಡಿರಿ. ಖಾಲಿ ಬರುವ ಗಾಡಿ ಯಾವ ಸಂಘಕ್ಕೂ ಗಿಟ್ಟುವುದಿಲ್ಲ.

ಇನ್ನೊಂದು ಮಾತು. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯಬಾರದು. ಒಂದು ಲಕ್ಷ ಅರವತ್ತು ಸಾವಿರ ಇದ್ದರೆ ಒಂದು ಲಕ್ಷ ಇಪ್ಪತ್ತೈದರ ಒಳಗಿನ ಗಾಡಿ ನೋಡಿರಿ. ಹಳೆ ಗಾಡಿ ಮನೆಗೆ ಬಂದ ಮೊದಲ ತಿಂಗಳೇ ಬ್ಯಾಟರಿ, ಟಾಯರ್, ಕ್ಲಚ್ ಎಂದು ಏನಾದರೂ ಕೇಳಿಯೇ ಕೇಳುತ್ತದೆ.

ಯಾವ ಗಾಡಿ?

ನಮ್ಮ ಕಡೆ ಈಗಲೂ ಯಾವ ವ್ಯಾನ್ ಬಂದರೂ ಹಿರಿಯರು "ಟೆಂಪೋ ಬಂತು" ಎನ್ನುತ್ತಾರೆ. ಬಜಾಜ್ ಟೆಂಪೋ ಕಂಪನಿಯ ಗಾಡಿಗಳಿಂದ ಬಂದ ಹೆಸರು ಅದು. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಅವರ ಮಟಾಡೋರ್ ಈಗ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆ ಎಂದರೂ ಬೇಡ, ಸಾಮಾನು ಸಿಗುವುದು ಕಷ್ಟ. ಅದೇ 2005ರಲ್ಲಿ ಟಾಟಾ ಏಸ್ ಬಂತು, ಜನ ಛೋಟಾ ಹಾಥಿ ಎನ್ನುವುದು ಇದನ್ನೇ. ಮೊದಲಿನ ಏಸ್‌ಗೆ ಎರಡು ಸಿಲಿಂಡರಿನ 702 ಸಿ.ಸಿ. ಡೀಸೆಲ್ ಎಂಜಿನ್. ಇದೇ ಬಳಗದ ಏಸ್ ಜಿಪ್ ಎಂಬ ಇನ್ನೂ ಚಿಕ್ಕ ಗಾಡಿ ನಮ್ಮ ಧಾರವಾಡದ ಕಾರ್ಖಾನೆಯಲ್ಲೇ ತಯಾರಾಯಿತು. ಹಳೆಯ ಏಸ್‌ಗಳಲ್ಲಿ ಡೀಸೆಲ್ ಪಂಪು ಯಂತ್ರದ್ದು, ಕಂಪ್ಯೂಟರ್ ಇಲ್ಲ. ಹಳ್ಳಿಯ ಮಿಸ್ತ್ರಿಯೂ ಬಿಚ್ಚಿ ಕೂಡಿಸಬಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.-6 ಡೀಸೆಲ್ ಗಾಡಿಗಳಲ್ಲಿ ಸೆನ್ಸರ್, ಹೊಗೆ ಶುದ್ಧ ಮಾಡುವ ಸಲಕರಣೆ ಹೆಚ್ಚು. ಅವು ಕೆಟ್ಟವಲ್ಲ, ಆದರೆ ರಿಪೇರಿಗೆ ಪೇಟೆಗೇ ಬರಬೇಕು, ಬಿಲ್ಲೂ ದೊಡ್ಡದು.

ಗಾಡಿಯ ವಯಸ್ಸು ನೋಡುವಾಗ ಎಫ್.ಸಿ. ನೆನಪಿರಲಿ. ಸರಕು ಗಾಡಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್.ಸಿ. ಮಾಡಿಸಬೇಕು. 15 ವರ್ಷ ದಾಟಿದ ಗಾಡಿಗಳ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕೇಂದ್ರ ಸರಕಾರ ಬಹಳ ಏರಿಸಿತು. ಆದ್ದರಿಂದ ಹದಿನಾಲ್ಕು ವರ್ಷದ ಗಾಡಿಯನ್ನು ಇಪ್ಪತ್ತು ಸಾವಿರ ಕಡಿಮೆಗೆ ಕೊಟ್ಟರೂ ಯೋಚಿಸಿರಿ. ಈಗಿನ ದರವನ್ನು ಆರ್.ಟಿ.ಓ. ಕಚೇರಿಯಲ್ಲೇ ಕೇಳಿರಿ, ದಲಾಲಿಯ ಬಾಯಿಂದ ಅಲ್ಲ. "ಹತ್ತು ವರ್ಷದ ಡೀಸೆಲ್ ಗಾಡಿ ಓಡಸಂಗಿಲ್ಲಂತ" ಎಂಬ ಸುದ್ದಿ ಕೇಳಿ ಕೆಲವರು ಹೆದರಿದ್ದಾರೆ. ಆ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು, ನಮ್ಮದಲ್ಲ.

ಬೆಳಿಗ್ಗೆಯೇ ಹೋಗಿರಿ, ಹೇಳದೆ ಸ್ವಲ್ಪ ಮೊದಲೇ ಹೋಗಿರಿ

ಮೊದಲ ಗಾಡಿಯನ್ನು ಹುಬ್ಬಳ್ಳಿಯಲ್ಲಿ ನೋಡಿದೆವು. ಮಾರುವವರು ಎಂಟು ಗಂಟೆಗೆ ಬರ್ರಿ ಅಂದಿದ್ದರು. ನಾವು ಏಳಕ್ಕೇ ಹೋದೆವು. ಗಾಡಿ ಆಗಲೇ ಚಾಲೂ ಆಗಿ ಗುರುಗುಡುತ್ತಿತ್ತು.

"ಎಕ್‌ದಮ್ ಛಲೋ ಐತ್ರಿ ಅಕ್ಕಾರ. ಒಬ್ಬರ ಕೈಯಾಗ ಓಡಿದ ಗಾಡಿ."

"ಅಲ್ರೀ ಅಣ್ಣಾರ, ಇಷ್ಟ ಮುಂಜಾನೆ ಇದನ್ನ ಯಾಕ ಕಾಸಾಕತ್ತೀರಿ?" ಎಂದು ನಮ್ಮ ಅಕ್ಕ ಕೇಳಿದರು. ಅವರಿಗೆ ಉತ್ತರ ಹೊಳೆಯಲಿಲ್ಲ.

ವಿಷಯ ಇಷ್ಟೇ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿ, ಆ ಕಾವಿನಿಂದಲೇ ಡೀಸೆಲ್ ಹೊತ್ತಬೇಕು. ಒಳಗೆ ರಿಂಗು, ವಾಲ್ವು ಸವೆದಿದ್ದರೆ ಒತ್ತಡ ಕಡಿಮೆಯಾಗಿ ತಣ್ಣಗಿರುವಾಗ ಹೊತ್ತುವುದಿಲ್ಲ. ಒಮ್ಮೆ ಕಾದ ಮೇಲೆ ಸವೆದ ಎಂಜಿನ್ನೂ ಸುಮ್ಮನೆ ಓಡುತ್ತದೆ. ಅದಕ್ಕೇ ಮಾರುವವರು ಮೊದಲೇ ಕಾಯಿಸಿಟ್ಟಿರುತ್ತಾರೆ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿರಿ (ಏಸ್‌ನಲ್ಲಿ ಎಂಜಿನ್ ಸೀಟಿನ ಕೆಳಗಿದೆ, ಸೀಟು ಎತ್ತಲು ಹೇಳಿರಿ). ಬಿಸಿ ಇದ್ದರೆ "ನಾಳೆ ಬರತೀವ್ರಿ" ಎಂದು ವಾಪಸು ಬನ್ನಿರಿ. ತಣ್ಣಗಿರುವ ಎಂಜಿನ್ ಒಂದೆರಡು ಸುತ್ತಿಗೆ ಹಿಡಿಯಬೇಕು. ನೂಕಿ ಚಾಲೂ ಮಾಡುವ ಗಾಡಿಯಾದರೆ ಬ್ಯಾಟರಿ ಸತ್ತಿದೆಯೋ, ಎಂಜಿನ್ನೇ ಸೋತಿದೆಯೋ ತಿಳಿಯುವ ತನಕ ದರದ ಮಾತು ಬೇಡ.

ಚಾಲೂ ಆದ ಮೇಲೆ ಒಬ್ಬರು ಗಾಡಿಯ ಹಿಂದೆ ನಿಂತು ಹೊಗೆ ನೋಡಿರಿ. ಒಲೆ ಮುಂದೆ ಕುಳಿತ ನಮಗೆ ಹೊಗೆಯ ಭಾಷೆ ಹೊಸದಲ್ಲ. ಹಸಿ ಕಟ್ಟಿಗೆಗೆ ಒಂದು ಹೊಗೆ, ಎಣ್ಣೆ ಸುಟ್ಟರೆ ಇನ್ನೊಂದು. ಚಳಿಯಲ್ಲಿ ಮೊದಲ ಒಂದೆರಡು ನಿಮಿಷ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ, ಅಥವಾ ಒಳಗೆ ನೀರು ಇಳಿಯುತ್ತಿದೆ. ಕಪ್ಪು ಹೊಗೆ ಎಂದರೆ ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ಏರ್ ಫಿಲ್ಟರ್ ಕಟ್ಟಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ, ಇಂಜೆಕ್ಟರ್ ಅಥವಾ ಪಂಪು ಕೆಟ್ಟಿದ್ದರೆ ಸಾವಿರಗಳು. ನೀಲಿ ಹೊಗೆ ಕಂಡರೆ ಎಂಜಿನ್ ಆಯಿಲ್ಲನ್ನೇ ಸುಡುತ್ತಿದೆ ಎಂದರ್ಥ, ಅದು ಎಂಜಿನ್ ಬಿಚ್ಚುವ ಕೆಲಸ. ಅಂಥ ಗಾಡಿಯನ್ನು ಬಿಟ್ಟುಬಿಡುವುದೇ ವಾಸಿ ಎಂದು ನನ್ನ ಅಭಿಪ್ರಾಯ.

ಇನ್ನೊಂದು ಪರೀಕ್ಷೆ ಬಹಳ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಎಂಜಿನ್ ನಿಧಾನ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಮಿಸ್ತ್ರಿಯ ಕೈಯಿಂದ ತೆಗೆಸಿರಿ. ತುಸು ಆವಿ ಬರುವುದು ಸಹಜ. ಬೀಡಿ ಸೇದಿ ಬಿಟ್ಟ ಹಾಗೆ ಗುಪ್ ಗುಪ್ ಎಂದು ಒತ್ತಿ ಹೊಗೆ ಬಂದರೆ ರಿಂಗು ಸವೆದಿವೆ. ಗ್ಯಾರೇಜಿನಲ್ಲಿ ಇದಕ್ಕೆ "ಬ್ಯಾಕ್ ಕಂಪ್ರೆಷನ್" ಎನ್ನುತ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿರಿ. ನೀವು ಇದನ್ನು ಕೇಳಿದಿರಿ ಎಂದರೆ ಮಾರುವವರ ದನಿಯೇ ಬದಲಾಗುತ್ತದೆ.

ಆಯಿಲ್ ಕಡ್ಡಿ ತೆಗೆದು ನೋಡುವಾಗ ಕಪ್ಪಗಿದೆ ಎಂದು ಗಾಬರಿ ಬೇಡ, ಡೀಸೆಲ್ ಎಂಜಿನ್ನಿನ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಚಹಾಕ್ಕೆ ಹಾಲು ಹಾಕಿದ ಬಣ್ಣ ಇದ್ದರೆ ಮಾತ್ರ ನೀರು ಸೇರಿದೆ. ಅದೇ ರೀತಿ ರೇಡಿಯೇಟರ್ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆದರೆ ಎಚ್ಚರ: ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆಗೆಯಬೇಕು. ಕಾದ ಮೇಲೆ ತೆಗೆದರೆ ಕುದಿ ನೀರು ಮುಖಕ್ಕೆ ಹಾರುತ್ತದೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಯಾವಾಗ ಬದಲಿಸಿದ್ದು ಎಂದು ಬಿಲ್ ಕೇಳಿರಿ. ಅದು ಓಡುವಾಗ ಹರಿದರೆ ವಾಲ್ವುಗಳು ಬಾಗಿ ಎಂಜಿನ್ನೇ ಹಾಳಾಗಬಹುದು.

ಅಡಿಯಲ್ಲಿ ಬಗ್ಗಿ ನೋಡಿರಿ

ಬಣ್ಣ ನೋಡಿ ಮರುಳಾಗಬೇಡಿರಿ. ಹಳೆಯ ಗಾಡಿಗೆ ಹೊಸ ಬಣ್ಣ ಹಚ್ಚಿದ್ದರೆ ನಾನಂತೂ ಇನ್ನೂ ಹೆಚ್ಚು ಅನುಮಾನಿಸುತ್ತೇನೆ. ಒಂದು ಹಳೇ ಚೀಲ ಹಾಸಿ ಗಾಡಿಯ ಕೆಳಗೆ ನೋಡಿರಿ. ಚಾಸಿ ಉದ್ದಕ್ಕೂ ನೆಟ್ಟಗಿದೆಯೇ, ಎಲ್ಲಿಯಾದರೂ ವೆಲ್ಡಿಂಗ್ ಹಾಕಿದ್ದಾರೆಯೇ? ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಚಪ್ಪಟೆಯಾಗಿದ್ದರೆ, ಅಥವಾ ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪಟ್ಟಿ ಸೇರಿಸಿದ್ದರೆ, ಆ ಗಾಡಿ ಉಸುಕು, ಇಟ್ಟಂಗಿ ಹೇರಿ ದುಡಿದಿದೆ. ಒಂದು ಟನ್ನಿನ ಒಳಗೆ ಒಯ್ಯಬೇಕಾದ ಗಾಡಿಯ ಮೇಲೆ ಎರಡು ಟನ್ ಹೇರಿದ್ದನ್ನು ನಾವೆಲ್ಲ ಕಂಡವರೇ.

ಕಾರವಾರ, ಗೋವಾ ಕಡೆಯಿಂದ ಬಂದ ಗಾಡಿ ಆದರೆ ತುಕ್ಕು ಹೆಚ್ಚು, ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಭಾಗದ ಗಾಡಿಗೆ ಬೇರೆ ಭಯ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ಎಷ್ಟೋ ಗಾಡಿಗಳು ನೀರಲ್ಲಿ ನಿಂತವು. ಅವನ್ನು ತೊಳೆದು ಒಣಗಿಸಿ ಮಾರಿದವರೂ ಇದ್ದಾರೆ. ಸೀಟಿನ ಬೋಲ್ಟುಗಳ ತುಕ್ಕು, ಮ್ಯಾಟಿನ ಕೆಳಗಿನ ಕೆಸರಿನ ಗೆರೆ, ದೀಪದ ಗಾಜಿನೊಳಗಿನ ಮಣ್ಣು, ಮುಗ್ಗಲು ವಾಸನೆ ಇವು ಗುಟ್ಟು ಹೇಳುತ್ತವೆ. ಎರಿ ಮಣ್ಣಿನ ಕಲೆ ಪೂರ್ತಿ ಹೋಗುವುದಿಲ್ಲವೆಂದು ಬಟ್ಟೆ ಒಗೆಯುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಟಾಯರ್ ಒಂದು ಬದಿಗೆ ಮಾತ್ರ ಸವೆದಿದ್ದರೆ ಮುಂದಿನ ಚಕ್ರದ ಜೋಡಣೆ ತಪ್ಪಿದೆ, ಅಥವಾ ಗಾಡಿ ಎಲ್ಲೋ ಗುದ್ದಿದೆ. ಟಾಯರ್ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. ಮೀಟರಿನ ಕಿಲೋಮೀಟರನ್ನು ನಂಬಬೇಡಿರಿ, ಅದನ್ನು ತಿರುಗಿಸಲು ಬರುತ್ತದೆ. ಬ್ರೇಕ್, ಕ್ಲಚ್ ಪೆಡಲಿನ ರಬ್ಬರ್ ನೋಡಿರಿ. ಮೀಟರ್ ನಲವತ್ತು ಸಾವಿರ ಹೇಳಿ, ರಬ್ಬರ್ ನುಣ್ಣಗೆ ಸವೆದಿದ್ದರೆ ಯಾವುದೋ ಒಂದು ಸುಳ್ಳು.

ಆಮೇಲೆ ಓಡಿಸಿ ನೋಡುವುದು. ಮೈದಾನದಲ್ಲಿ ಒಂದು ಸುತ್ತು ಸಾಲದು, ಏರು ಬೇಕು. ಹುಬ್ಬಳ್ಳಿಯಲ್ಲಾದರೆ ಉಣಕಲ್ ಹತ್ತಿರದ ನೃಪತುಂಗ ಬೆಟ್ಟದ ರಸ್ತೆ ಒಳ್ಳೆಯದು. ನಾಲ್ಕೈದು ಚೀಲ ಜೋಳ ಹೇರಿಕೊಂಡೇ ಹೋಗಿರಿ. ಏರಿನಲ್ಲಿ ಎಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಇಳಿಜಾರಿನಲ್ಲಿ ಗೇರ್ ತಾನೇ ಹೊರಗೆ ಬಿದ್ದರೆ ಗೇರ್ ಪೆಟ್ಟಿಗೆ ಸವೆದಿದೆ. ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತದೆಯೇ, ಸ್ಟೇರಿಂಗ್ ಎಷ್ಟು ಸಡಿಲ, ದೀಪ, ಹಾರ್ನು ಇವನ್ನೆಲ್ಲ ಡ್ರೈವರ್ ನೋಡಬಲ್ಲ. ಓಡಿಸುವವನು ನಮ್ಮ ಕಡೆಯವನಾಗಿರಲಿ, ಪರೀಕ್ಷೆ ಮಾಡುವ ಮಿಸ್ತ್ರಿಯೂ ನಾವು ಹಣ ಕೊಟ್ಟು ಕರೆದೊಯ್ದವನಾಗಿರಲಿ. ಐದುನೂರು, ಸಾವಿರ ಹೋದರೂ ಹೋಗಲಿ.

ಕಾಗದ ಪತ್ರ: ನಾವು ಏಟು ತಿಂದದ್ದು ಇಲ್ಲಿ

ಕೆಲವು ವರ್ಷಗಳ ಹಿಂದೆ ಬೇರೆ ಒಂದು ಸಂಘ ಪಿಕಪ್ ಗಾಡಿ ಕೊಂಡಿತು. ಎಂಜಿನ್ ಛಲೋ ಇತ್ತು, ದರವೂ ಕಡಿಮೆ. ನಾನೇ ಮುಂದೆ ನಿಂತು ಕೊಡಿಸಿದ್ದೆ. ಐದು ತಿಂಗಳಾದ ಮೇಲೆ ಸಾಲ ಕೊಟ್ಟ ಸಂಸ್ಥೆಯವರು ಬಂದು ದಾರಿಯಲ್ಲೇ ಗಾಡಿ ನಿಲ್ಲಿಸಿದರು. ಮೊದಲ ಮಾಲೀಕ ಕಂತು ಕಟ್ಟಿರಲಿಲ್ಲ. ಆರ್.ಸಿ.ಯಲ್ಲಿ ಸಾಲದ ನಮೂದು ಇದ್ದೇ ಇತ್ತು, ನಾನು ಓದಿರಲಿಲ್ಲ. ಗಾಡಿಯೂ ಹೋಯಿತು, ಕೊಟ್ಟ ತೊಂಬತ್ತು ಸಾವಿರದಲ್ಲಿ ತಿರುಗಿ ಬಂದದ್ದು ಇಪ್ಪತ್ತು ಸಾವಿರ. ಆ ಸಂಘದ ಸಭೆಗೆ ಮತ್ತೆ ಹೋಗಿ ಕುಳಿತುಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಆದ್ದರಿಂದ ಆರ್.ಸಿ.ಯನ್ನು ಒಂದೊಂದು ಸಾಲಾಗಿ ಓದಿರಿ. ಸಾಲದ ನಮೂದು ಇದ್ದರೆ ಸಾಲ ತೀರಿದ ಬಗ್ಗೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಸಹಿ ಮಾಡಿದ ಫಾರಂ 35 ಕೈಗೆ ಬರಬೇಕು. "ಎರಡ ಕಂತು ಅಷ್ಟ ಉಳದಾವ್ರಿ, ನೀವ ಕಟ್ಟಿಕೊಳ್ಳ್ರಿ" ಎಂಬ ಮಾತಿಗೆ ಒಪ್ಪಬೇಡಿರಿ. ಗಾಡಿಯ ನಂಬರ್ ಹಾಕಿದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ದಿನಾಂಕ, ಎಫ್.ಸಿ., ವಿಮೆ ಎಲ್ಲಿಯವರೆಗೆ ಇದೆ ಎಂಬುದು ಕಾಣುತ್ತದೆ. ಕಟ್ಟದ ದಂಡಗಳನ್ನೂ ನೋಡಬಹುದು. ಮಗಳೋ ಮಗನೋ ಎರಡು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಆರ್.ಸಿ.ಯ ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲೆ ಒತ್ತಿದ ನಂಬರ್ ಜೊತೆ ಒಂದೊಂದೇ ಅಕ್ಷರ ಹೋಲಿಸಿರಿ. ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಆ ಜಾಗ ಅರೆದಂತೆ, ಹೊಸದಾಗಿ ಕೊರೆದಂತೆ ಕಂಡರೆ ಅಲ್ಲಿಂದ ಎದ್ದು ಬನ್ನಿರಿ.

ಕೆ.ಎ. 25 ಎಂದರೆ ಧಾರವಾಡ, ಕೆ.ಎ. 63 ಎಂದರೆ ಹುಬ್ಬಳ್ಳಿ. ಇವಾದರೆ ಓಡಾಟ ಕಡಿಮೆ. ಗೋವಾ, ಮಹಾರಾಷ್ಟ್ರದ ಗಾಡಿ ಅಗ್ಗ ಕಾಣುತ್ತದೆ, ಆದರೆ ಅಲ್ಲಿನ ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ನಮಗೆ ಅದು ಬೇಡವೇ ಬೇಡ. ಆರ್.ಸಿ.ಯಲ್ಲಿರುವ ಮಾಲೀಕರು ತೀರಿಕೊಂಡಿದ್ದು ಮಗ ಮಾರುತ್ತಿದ್ದರೆ, ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಲಿ, ಆಮೇಲೆ ನಮ್ಮ ವ್ಯವಹಾರ.

ಹೆಸರು ಬದಲಾವಣೆಗೆ ಮಾರುವವರು ಫಾರಂ 29, ಕೊಳ್ಳುವವರು ಫಾರಂ 30 ಸಹಿ ಮಾಡಬೇಕು. ಕೊಂಡವರು 30 ದಿನದೊಳಗೆ ಅರ್ಜಿ ಕೊಡಬೇಕೆಂದು ಕಾನೂನು. "ಆಮೇಲೆ ಮಾಡಸೂಣ" ಎಂದು ಬಿಟ್ಟರೆ ಮಾರಿದವರಿಗೂ ತೊಂದರೆ: ಅಪಘಾತವಾದರೆ ಆರ್.ಸಿ.ಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದನ್ನು ಹೇಳಿದರೆ ಮಾರುವವರೇ ಮುಂದೆ ಬಂದು ಆರ್.ಟಿ.ಓ. ಕಚೇರಿಗೆ ನಡೆಯುತ್ತಾರೆ. ವಿಮೆಯನ್ನೂ 14 ದಿನದೊಳಗೆ ಹೊಸ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ಏಸ್ ಇದರೊಳಗೇ ಬರುತ್ತದೆ. ಪರ್ಮಿಟ್ ಹೆಸರಲ್ಲಿ ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ.

ಯಾರ ಹೆಸರಿಗೆ? ಇದು ಸಂಘದೊಳಗಿನ ಕಠಿಣ ಪ್ರಶ್ನೆ. ನೋಂದಣಿಯಾಗದ ಸಂಘಗಳಲ್ಲಿ ಸಾಮಾನ್ಯವಾಗಿ ಒಬ್ಬ ಸದಸ್ಯೆಯ ಹೆಸರಿಗೆ ಮಾಡಿಸುತ್ತಾರೆ. ಆಗ ಕಾಗದದ ಮೇಲೆ ಗಾಡಿ ಅವರದ್ದೇ. ನಾಳೆ ಜಗಳವಾದರೆ, ಅವರಿಗೆ ಏನಾದರೂ ಆದರೆ, ಮನೆಯವರು "ಗಾಡಿ ನಮ್ಮದು" ಎನ್ನಬಹುದು. ಕಲಘಟಗಿಯ ಸಂಘದವರು ಇದಕ್ಕಾಗಿ ಎರಡು ಸಭೆ ಕಳೆದರು. ಕೊನೆಗೆ ಠರಾವು ಪುಸ್ತಕದಲ್ಲಿ ಯಾರ ಉಳಿತಾಯದಿಂದ ಎಷ್ಟು ಎಂದು ಬರೆದು ಹದಿನೆಂಟು ಸಹಿ ಹಾಕಿದರು. ಸ್ಟಾಂಪ್ ಕಾಗದದ ಮೇಲೆ ಆ ಸದಸ್ಯೆ ಮತ್ತು ಅವರ ಯಜಮಾನರಿಂದ ಒಪ್ಪಂದ ಬರೆಸಿಕೊಂಡರು. ಆ ತಂಗಿಗೆ ಮೊದಲು ಬೇಸರವಾಯಿತು, "ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?" ಎಂದರು. ಹಿರಿಯ ಅಕ್ಕ, "ನಂಬಿಕಿ ಐತಿ ಅಂತನ ನಿನ್ನ ಹೆಸರಿಗೆ ಮಾಡಾಕತ್ತೀವಿ, ಕಾಗದ ನಿನಗೂ ಕಾವಲ" ಎಂದು ಸಮಾಧಾನ ಮಾಡಿದರು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿರಿ, ಮುಂಗಡಕ್ಕೆ ರಸೀದಿ ಪಡೆಯಿರಿ, ಎಲ್ಲ ಕಾಗದ ಕೈಗೆ ಬರುವ ತನಕ ಒಂದು ಭಾಗ ಉಳಿಸಿಕೊಳ್ಳಿರಿ.

ಗಾಡಿ ಮನೆಗೆ ಬಂದ ಮೇಲೆ

ಸರಕು ಗಾಡಿಯ ಹಿಂದೆ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಸಭೆಗೆ, ಜಾತ್ರೆಗೆ ಹೋಗಬೇಡಿರಿ. ಸರಕು ಗಾಡಿಯಲ್ಲಿ ಪುಕ್ಕಟೆ ಕುಳಿತ ಪ್ರಯಾಣಿಕರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಇದೆ. ಆಗ ಆ ಹೊಣೆ ಆರ್.ಸಿ.ಯಲ್ಲಿ ಹೆಸರಿರುವ ನಮ್ಮ ತಂಗಿಯ ತಲೆಗೆ ಬರುತ್ತದೆ. ಸಾಮಾನಿನ ಮಾಲೀಕರಾಗಿ ಒಬ್ಬರು ಮುಂದಿನ ಸೀಟಿನಲ್ಲಿ ಕುಳಿತು ಹೋಗುವುದು ಬೇರೆ ಮಾತು.

ಡ್ರೈವರ್ ಲೈಸನ್ಸ್ ಬಗ್ಗೆ ಒಂದು ಒಳ್ಳೆಯ ಸುದ್ದಿ. 7,500 ಕಿಲೋ ಒಳಗಿನ ಬಾಡಿಗೆ ಗಾಡಿಯನ್ನು ಸಾಮಾನ್ಯ ಲಘು ವಾಹನದ ಲೈಸನ್ಸ್ ಇದ್ದವರೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿತು. ಅಂದರೆ ಕಾರು ಕಲಿತ ಸದಸ್ಯೆಯೂ ಓಡಿಸಬಹುದು. ದಿನಕ್ಕೆ 500ರಂತೆ ಡ್ರೈವರ್ ಸಂಬಳ ಸಂಘದ ಮನೆಯೊಳಗೇ ಉಳಿಯುತ್ತದೆ. ಆ ಸಂಘದ ಇಬ್ಬರು ಈಗ ಕಲಿಯುತ್ತಿದ್ದಾರೆ, ಒಬ್ಬರಿಗೆ ಹಿಂದಕ್ಕೆ ತೆಗೆಯುವುದು ಮಾತ್ರ ಇನ್ನೂ ಬಂದಿಲ್ಲ.

ಅವರು ನಾಲ್ಕನೆಯದಾಗಿ ನೋಡಿದ ಗಾಡಿಯನ್ನು ಕೊಂಡರು, ಒಂದು ಲಕ್ಷ ಹದಿನೆಂಟು ಸಾವಿರಕ್ಕೆ. ಕ್ಲಚ್ ಹಾಕಿಸಬೇಕಾಯಿತು, ಅದು ಮೊದಲೇ ಗೊತ್ತಿದ್ದರಿಂದ ದರದಲ್ಲಿ ಕಡಿಮೆ ಮಾಡಿಸಿದ್ದರು. ಗಾಡಿಯಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ದಿನಾಂಕ, ಕಿಲೋಮೀಟರ್, ಡೀಸೆಲ್, ಬಾಡಿಗೆ ಬರೆಯುತ್ತಾರೆ. ಶುಕ್ರವಾರದ ಸಭೆಯಲ್ಲಿ ಉಳಿತಾಯದ ಪುಸ್ತಕದ ಜೊತೆ ಅದನ್ನೂ ಓದುತ್ತಾರೆ.

ಸಭೆಯಲ್ಲಿ ಚರ್ಚಿಸಲು:

ನಮ್ಮ ಸಂಘ ತಿಂಗಳಿಗೆ ಎಷ್ಟು ಬಾಡಿಗೆ ಕೊಡುತ್ತದೆ? ಸ್ವಂತ ಗಾಡಿ ಆದರೆ ಬರುವಾಗ ಏನು ಹೇರಿಕೊಂಡು ಬರಬಹುದು?

ಗಾಡಿ ಒಬ್ಬರ ಹೆಸರಿಗೆ ಆದರೆ ಠರಾವಿನಲ್ಲಿ ಯಾವ ಮಾತುಗಳು ಇರಬೇಕು? ಒಬ್ಬ ಸದಸ್ಯೆ ಸಂಘ ಬಿಟ್ಟರೆ ಅವರ ಪಾಲು ಹೇಗೆ ಕೊಡುವುದು?

ನಮ್ಮ ಸಂಘದಲ್ಲಿ ಗಾಡಿ ಓಡಿಸಲು ಕಲಿಯುವ ಮನಸ್ಸು ಯಾರಿಗಿದೆ?